ತಟ್ಟಬಾರದ ಬಾಗಿಲು

ಹೆದರುವುದಕ್ಕೊಂದು ಬಹುಮಾನ ಇಟ್ಟಿದ್ದರೆ ಅದು ಬೇರೆ ಯಾರ ಮನೆಗೂ ಹೋಗದೆ ನೇರವಾಗಿ ಕಾಜಕ್ಕನ ಮನೆಗೇ ಬರುತ್ತಿತ್ತು. ಬಹುಮಾನ ತಂದವರು ಬಾಗಿಲು ತಟ್ಟಿದರೆ ಅವಳು ಅಡುಗೆಮನೆಯ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು, ಆ ಮಾತು ಬೇರೆ.

ಕಾಜಕ್ಕ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹಾಕುವ, ಅಂದರೆ ಗುಂಡಿ ತೂರಿಸುವ ಕಂಡಿಗಳನ್ನು ಹೊಲಿಯುವ ಕೆಲಸಕ್ಕೆ ಹುಡುಗಿಯಾಗಿದ್ದಾಗ ಸೇರಿದವಳು, ತಲೆ ನರೆಯುವ ತನಕ ಅದನ್ನೇ ಮಾಡಿದಳು. ಕಾಲರು ಒಬ್ಬರು ಹೊಲಿಯುತ್ತಿದ್ದರು, ತೋಳು ಇನ್ನೊಬ್ಬರು. ಇವಳ ಪಾಲಿಗೆ ಬರುತ್ತಿದ್ದದ್ದು ಎದೆಯ ಪಟ್ಟಿ ಮಾತ್ರ. ಹಾಗಾಗಿ ಮನುಷ್ಯರು ಎದುರಿಗೆ ಬಂದರೂ ಅವಳ ಕಣ್ಣು ಮುಖದವರೆಗೆ ಏರುತ್ತಿರಲಿಲ್ಲ, ಗುಂಡಿಗಳ ಸಾಲಿನಲ್ಲೇ ನಿಂತುಬಿಡುತ್ತಿತ್ತು. ಮುಖ ನೋಡಲು ಭಯ, ಗುಂಡಿ ನೋಡಲು ಅಭ್ಯಾಸ. ಒಮ್ಮೆ ಸೂಪರ್‌ವೈಸರ್ ಅವಳನ್ನು ನಿಲ್ಲಿಸಿಕೊಂಡು, "ತಲೆ ಎತ್ತಿ ಉತ್ತರ ಕೊಡಮ್ಮ" ಎಂದು ಗದರಿದಾಗ ಅವಳ ಬಾಯಿಂದ ಬಂದದ್ದು, "ಸಾರ್, ಮೇಲಿಂದ ಮೂರನೇದು ಸಡಿಲ ಆಗಿದೆ." ಆಮೇಲೆ ಆತನೂ ಬೈಯುವುದನ್ನು ಬಿಟ್ಟ.

ಮದುವೆ ಆಗಲಿಲ್ಲ. ಅಮ್ಮನನ್ನು ನೋಡಿಕೊಂಡಿದ್ದಳು. ಅಮ್ಮ ಎದೆಯ ಕಾಯಿಲೆಯಲ್ಲಿ ಹೋದಳು. ಕೊನೆಯ ದಿನಗಳಲ್ಲಿ ಅಮ್ಮನ ಉಸಿರಿನಲ್ಲಿ, ತೂತು ಬಿದ್ದ ಕೊಳವೆಯಲ್ಲಿ ಗಾಳಿ ನುಗ್ಗಿದಂಥ ಒಂದು ಸದ್ದಿತ್ತು. ಅದು ಕಾಜಕ್ಕನ ಕಿವಿಯಲ್ಲಿ ಮನೆ ಮಾಡಿಕೊಂಡಿತು. ಮನೆ ಖಾಲಿಯಾದ ಮೇಲೆ, ಚರ್ಚಿನ ಸಭೆಯ ಹಿರಿಯರು ಒಂದು ಭಾನುವಾರ ಕರೆದು, "ಸುವಾರ್ತೆ ಸಾರುವ ಸೇವೆಗೆ ಹೋಗ್ತೀಯಾ ತಾಯಿ? ಬೇರೆ ಊರು, ಬೇರೆ ಜನ" ಎಂದು ಕೇಳಿದರು. ಬೇಡ ಅನ್ನಲು ಹೆದರಿಕೆಯಾಗಿ ಅವಳು ಹೂಂ ಅಂದಳು.

ನಗಬೇಡಿ. ದೇವರ ಮುಂದೆ ಮಾತ್ರ ಅವಳಿಗೆ ಹೆದರಿಕೆ ಇರಲಿಲ್ಲ. ಅಲ್ಲಿ ಮುಖ ನೋಡುವ ಕಷ್ಟವೇ ಇರಲಿಲ್ಲವಲ್ಲ. ಬೆಳಗ್ಗೆ ಎದ್ದು ಗೋಡೆ ಕಡೆ ತಿರುಗಿ ಕೂತು, ಪಕ್ಕದ ಮನೆಯವರ ಜೊತೆ ಹರಟಿದಂತೆ ಪ್ರಾರ್ಥನೆ ಮಾಡುತ್ತಿದ್ದಳು. ಕಷ್ಟ ಶುರುವಾಗುತ್ತಿದ್ದದ್ದು ಪ್ರಾರ್ಥನೆ ಮುಗಿಸಿ, ಎದೆಗೆ ಸಭೆಯ ಹೆಸರಿನ ಬಿಲ್ಲೆ ಸಿಕ್ಕಿಸಿ, ಹೆಗಲಿಗೆ ಸತ್ಯವೇದದ ಚೀಲ ಏರಿಸಿದ ಮೇಲೆ.

ಸೇವೆಯವರು ಬಾಗಿಲು ತಟ್ಟುವುದಕ್ಕೊಂದು ಕ್ರಮ ಇತ್ತು. ಬೆರಳ ಗೆಣ್ಣಿನಿಂದ ಮೆತ್ತಗೆ ಮೂರು ಸಲ ತಟ್ಟಬೇಕು. ತಟ್ಟಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿಯಬೇಕು, ಒಳಗಿನವರಿಗೆ ಮೈಮೇಲೆ ಬಿದ್ದಂತೆ ಅನ್ನಿಸಬಾರದು. ಎರಡೂ ಕೈ ಕಾಣುವಂತೆ ನಿಲ್ಲಬೇಕು, ಬಾಗಿಲು ತೆರೆಯುವ ಮೊದಲೇ ಮುಖದಲ್ಲಿ ನಗು ಇರಬೇಕು. ತೆರೆದರೆ, "ನಮಸ್ಕಾರ, ನಿಮಗೊಂದು ಒಳ್ಳೆಯ ಸುದ್ದಿ ತಂದಿದ್ದೇವೆ" ಅನ್ನಬೇಕು. ಯಾರಾದರೂ ಇನ್ನು ಬರಬೇಡಿ ಅಂದರೆ ಆ ಬಾಗಿಲನ್ನು ಮತ್ತೆ ಯಾವತ್ತೂ ತಟ್ಟಬಾರದು. ಕಾಜಾ ಹೊಲಿದ ಕೈಗೆ ಕ್ರಮ ಕಲಿಯುವುದು ಸುಲಭ. ಎಷ್ಟೇ ಹೆದರಿಕೆಯಾದರೂ ಬೆರಳು, ಹೆಜ್ಜೆ, ನಗು, ಮಾತು ಎಲ್ಲವೂ ಯಂತ್ರದ ಹಾಗೆ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು.

ಸೇವೆಗೆ ಇಬ್ಬಿಬ್ಬರನ್ನೇ ಕಳಿಸುತ್ತಿದ್ದರು. ಇವಳಿಗೆ ಜೊತೆಯಾದವಳು ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದ ಕಂಡಕ್ಟರಮ್ಮ. ಇವಳಿಗಿಂತ ದೊಡ್ಡವಳು, ಅಗಲ ಮೈ, ಇಡೀ ಬಸ್ ನಿಲ್ದಾಣಕ್ಕೆ ಕೇಳುವ ಗಂಟಲು. ಮಾತೆಲ್ಲ ಬಸ್ಸಿನದೇ. ಮನೆಯಿಂದ ಹೊರಡುವಾಗ "ರೈಟ್ ರೈಟ್", ಚಪ್ಪಲಿ ಕಿತ್ತು ನಿಲ್ಲಬೇಕಾದರೆ "ಹೋಲ್ಡಾನ್". ಸಂಜೆ ಊಟಕ್ಕೆ ಕೂರುವ ಮೊದಲು ಅವಳದೊಂದು ಕಡ್ಡಾಯ ಇತ್ತು.

"ಎಲ್ಲಿ ಪುಕ್ಕಲಿ, ಇವತ್ತಿನ ಟಿಕೆಟ್ ತೋರ್ಸು."

ಆ ದಿನ ದೇವರು ಕೊಟ್ಟ ಒಂದು ಸಣ್ಣ ಒಳ್ಳೆಯದನ್ನು ಹೇಳಬೇಕು. ಅದೇ ಟಿಕೆಟ್. ಹೇಳದಿದ್ದರೆ ತಟ್ಟೆ ಮುಂದೆ ಬರುವುದಿಲ್ಲ.

"ಅಕ್ಕಾ, ಇವತ್ತು ಏನೂ ಸಿಗಲಿಲ್ಲ."

"ಟಿಕೆಟ್ ಇಲ್ದೆ ಪ್ರಯಾಣಾನಾ? ಇಳಿ ಕೆಳಗೆ!"

ಆಗ ಕಾಜಕ್ಕ ತಡಕಾಡಿ, ನಲ್ಲಿಯಲ್ಲಿ ನೀರು ಬಂತು ಅಂತಲೋ, ಬೀದಿ ನಾಯಿ ಇವತ್ತು ಬೇರೆಯವರನ್ನು ಅಟ್ಟಿಸಿಕೊಂಡು ಹೋಯಿತು ಅಂತಲೋ ಹೇಳುತ್ತಿದ್ದಳು. "ಆ ಬೇರೆಯವರು ಏನು ಟಿಕೆಟ್ ತೋರಿಸ್ತಾರೋ ಪಾಪ" ಎಂದು ಕಂಡಕ್ಟರಮ್ಮ ನಕ್ಕರೆ ಪಾತ್ರೆಗಳೂ ನಗುತ್ತಿದ್ದವು.

ಅವರಿದ್ದದ್ದು ಒಂದು ಹಳೇ ಕಟ್ಟಡದ ತಾರಸಿ ಮೇಲಿನ ಕೋಣೆಯಲ್ಲಿ. ಕೆಳಗೆ ಎರಡು ಅಂತಸ್ತು ಮನೆಗಳು, ನೆಲದಂತಸ್ತಿನಲ್ಲಿ ಮೆಟ್ಟಿಲ ಬುಡಕ್ಕೆ ಅಂಟಿಕೊಂಡಂತೆ ಟೆಂಪೋದವನ ಮನೆ. ನಾನು ಹೇಳಹೊರಟ ಆ ವಾರ ಶುರುವಾದದ್ದೇ ಅವನ ಬಾಗಿಲಿನಿಂದ. ಪೈಪು ಹೂಳಲು ಬೀದಿಯುದ್ದಕ್ಕೂ ಅಗೆದು ಹಾಕಿದ್ದರು. ದೂಳು, ಕೆಸರು, ದಾಟಲು ಅಲ್ಲಲ್ಲಿ ಹಲಗೆ. ದೂರ ಹೋಗಲಾಗದೆ, "ನಮ್ಮ ಕಟ್ಟಡದಲ್ಲೇ ಒಂದು ಟ್ರಿಪ್ ಹೊಡೆಯೋಣ" ಎಂದಳು ಕಂಡಕ್ಟರಮ್ಮ. ಮೇಲಿನ ಮನೆಗಳಲ್ಲಿ ಈ ಮೊದಲೇ ಹಲವು ಸಲ ತಟ್ಟಿ ಆಗಿತ್ತು. ಅವರು ಈಗ ತೆರೆಯುವುದನ್ನೂ ಬಿಟ್ಟಿದ್ದರು. ಉಳಿದದ್ದು ಕೆಳಗಿನದು ಒಂದೇ.

ಟಕ್, ಟಕ್, ಟಕ್. ಎರಡು ಹೆಜ್ಜೆ ಹಿಂದೆ. ನಗು.

ಬಾಗಿಲು ತೆರೆಯಿತು ಅನ್ನುವುದಕ್ಕಿಂತ ಸಿಡಿಯಿತು ಅನ್ನಬೇಕು. ಕಾಜಕ್ಕನಿಗೆ ಕಂಡದ್ದು ಒಂದು ನೀಲಿ ಅಂಗಿ, ಅದರಲ್ಲಿ ಒಂದೇ ಎಳೆಯ ಮೇಲೆ ನೇತಾಡುತ್ತಿದ್ದ ಎರಡನೇ ಗುಂಡಿ.

"ಏನು?"

"ನಮಸ್ಕಾರ ಅಣ್ಣಾ, ನಿಮಗೊಂದು ಒಳ್ಳೆಯ ಸುದ್ದಿ..."

"ಒಳ್ಳೇ ಸುದ್ದಿನಾ? ಬೆಳಕು ಹರಿಯೋಕೆ ಮುಂಚೆ ಎದ್ದು ಮಾರ್ಕೆಟ್‌ಗೆ ತರಕಾರಿ ಹೊಡ್ದು, ಈಗ ತಾನೆ ಬಂದು ಕಣ್ಣು ಮುಚ್ಚಿದ್ದೆ. ನನ್ನ ನಿದ್ದೆ ಎಕ್ಕುಟ್ಟೋಯ್ತು, ಇದೇ ಸುದ್ದಿ! ಇನ್ನೊಂದ್ಸಲ ಈ ಬಾಗಿಲು ತಟ್ಟಿ ನೋಡಿ, ಆಮೇಲೆ ಗೊತ್ತಾಗುತ್ತೆ!"

ನೇತಾಡುವ ಗುಂಡಿ ಆ ಮಾತಿಗೆ ತಾಳ ಹಾಕಿದಂತೆ ಕುಣಿಯಿತು. ಕಾಜಕ್ಕ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದಳು. ಕಂಡಕ್ಟರಮ್ಮ ಮುಂದೆ ಬಂದಳು.

"ತಪ್ಪಾಯ್ತಪ್ಪ. ಇನ್ಮೇಲೆ ಈ ಸ್ಟಾಪಲ್ಲಿ ನಮ್ಮ ಬಸ್ ನಿಲ್ಲಲ್ಲ. ಮಾತು ಕೊಟ್ಟೆ, ಹೋಗಿ ಮಲಕ್ಕೋ."

"ಮಾತು ಮರೀಬೇಡಿ ಮತ್ತೆ."

"ಕೇಳಿದ ಸ್ಟಾಪಲ್ಲಿ ಇಳಿಸದೆ ಒಬ್ಬರನ್ನೂ ಮುಂದಕ್ಕೆ ಎಳ್ಕೊಂಡು ಹೋದವಳಲ್ಲ ನಾನು."

ಅವತ್ತಿನಿಂದ ಕಂಡಕ್ಟರಮ್ಮ ಆ ಬಾಗಿಲು ಹತ್ತಿರವಾದಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಅಷ್ಟು ದೊಡ್ಡ ಮೈಯನ್ನು ಬೆರಳ ತುದಿಯ ಮೇಲೆ ಹೊತ್ತು ದಾಟುತ್ತಿದ್ದಳು. "ತಟ್ಟಲ್ಲ ಅಂದ್ಮೇಲೆ ಚಪ್ಪಲಿಯಿಂದ್ಲೂ ತಟ್ಟಬಾರದು" ಎಂದು ಪಿಸುಗುಟ್ಟುವಳು. ಹಿಂದೆ ಕಾಜಕ್ಕನೂ ಹಾಗೆಯೇ. ಅವನ ಹಾಸಿಗೆಯ ಕದಲಿಕೆ ಕೇಳಿದರೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಆ ವಾರ ಹಾಗೆ ಕುಂಟುತ್ತ ಸಾಗಿತು. ಒಂದು ಬಾಗಿಲೂ ತೆರೆಯಲಿಲ್ಲ. ಅಗೆಯುವವರ ಗುದ್ದಲಿ ತಗುಲಿ ನೆಲದೊಳಗಿನ ತಂತಿ ಕಡಿದು ಇಡೀ ಬೀದಿಗೆ ಕರೆಂಟು ಹೋಯಿತು. ಇಬ್ಬರಿಗೂ ಸೇರಿ ಇದ್ದ ಒಂದು ಫೋನು ಚಾರ್ಜ್ ಇಲ್ಲದೆ ಸತ್ತು ಬಿತ್ತು. ಆದರೂ ಟಿಕೆಟ್ ತಪ್ಪುವಂತಿರಲಿಲ್ಲ. ಕಾಜಕ್ಕ ಒಂದು ಸಂಜೆ, ಅಗೆಯುವ ಹೆಂಗಸೊಬ್ಬಳು ತಾನು ಹಲಗೆ ದಾಟಲು ಹೆದರಿ ನಿಂತದ್ದನ್ನು ನೋಡಿ ಕೇಳದೆಯೇ ಇನ್ನೊಂದು ಹಲಗೆ ಎಳೆದು ಹಾಕಿದ್ದನ್ನು ಹೇಳಿದಳು. ಇನ್ನೊಂದು ಸಂಜೆ, ಒದ್ದೆ ಬೆಂಕಿಪೆಟ್ಟಿಗೆಯಲ್ಲಿ ಉಳಿದಿದ್ದ ಕೊನೆಯ ಕಡ್ಡಿ ಗೀರಿದ ಕೂಡಲೇ ಹೊತ್ತಿದ್ದನ್ನು ಹೇಳಿದಳು.

"ಪಾಸ್" ಎಂದಳು ಕಂಡಕ್ಟರಮ್ಮ. ಹಾಗಂದವಳು ಕೆಮ್ಮಿದಳು.

ಮರುದಿನ ಕೆಮ್ಮಿನ ಹಿಂದೆಯೇ ಜ್ವರ ಬಂತು. "ದೂಳು ಕಣೇ, ಡಿಪೋದಲ್ಲಿ ಇದಕ್ಕಿಂತ ಹೆಚ್ಚು ಕುಡ್ದಿದ್ದೀನಿ" ಎಂದು ಕಂಬಳಿ ಹೊದ್ದು ಮಲಗಿದಳು. ಕಾಜಕ್ಕ ಗಂಜಿ ಕಾಯಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಇದ್ದ ಮಾತ್ರೆ ಕೊಟ್ಟಳು. ಜ್ವರ ಇಳಿದಂತೆ ಮಾಡಿ ಮತ್ತೆ ಏರಿತು. ಆ ಸಂಜೆ ಟಿಕೆಟ್ ಕೇಳುವವರೇ ಇರಲಿಲ್ಲ. ಪಾತ್ರೆಗಳು ಸುಮ್ಮನಿದ್ದವು. ಅಷ್ಟು ದೊಡ್ಡ ಗಂಟಲು ಸುಮ್ಮನಾದರೆ ಕೋಣೆ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಅವಳಿಗೆ ಆಗ ತಿಳಿಯಿತು.

ಅದರ ಮಾರನೆಯ ಮಧ್ಯಾಹ್ನ ಗಂಜಿಯ ಬಟ್ಟಲು ಹಿಡಿದು ಬಂದ ಕಾಜಕ್ಕ ಹೊಸ್ತಿಲಲ್ಲೇ ನಿಂತಳು. ಹಾಸಿಗೆಯಿಂದ ಒಂದು ಸದ್ದು ಬರುತ್ತಿತ್ತು. ತೂತು ಬಿದ್ದ ಕೊಳವೆಯಲ್ಲಿ ಗಾಳಿ ನುಗ್ಗುವ ಸದ್ದು.

"ಅಕ್ಕಾ?"

ಕಂಡಕ್ಟರಮ್ಮನ ಕಣ್ಣು ತೆರೆದಿತ್ತು, ಆದರೆ ಇವಳನ್ನು ನೋಡುತ್ತಿರಲಿಲ್ಲ. ತುಟಿಯ ಬಣ್ಣ ಮಾಸಿತ್ತು. "ಒಳಗೆ ಹೋಗಿ... ಒಳಗೆ ಜಾಗ ಇದೆ... ಬಾಗ್ಲಲ್ಲಿ ನಿಲ್ಬೇಡಿ" ಎಂದು ಯಾರಿಗೋ ಹೇಳುತ್ತಿದ್ದಳು. ಆಮೇಲೆ ಬಹಳ ಮೆಲ್ಲಗೆ, "ಹೋಲ್ಡಾನ್" ಅಂದಳು.

ಬಟ್ಟಲು ಕೆಳಗೆ ಬಿತ್ತು.

ಆ ಬಸ್ಸು ಎಲ್ಲಿ ನಿಲ್ಲಲಿದೆ ಅನ್ನುವುದು ಕಾಜಕ್ಕನಿಗೆ ಗೊತ್ತಿತ್ತು. ಅಮ್ಮನದು ನಿಂತದ್ದನ್ನು ಅವಳು ಕಂಡಿದ್ದಳು. ಬಿಟ್ಟು ಹೋಗಲು ಹೆದರಿಕೆ, ಇಲ್ಲೇ ಕೂರಲು ಅದಕ್ಕಿಂತ ಹೆದರಿಕೆ. ಕಿಟಕಿಯಿಂದ ನೋಡಿದರೆ ಅಗೆಯುವವರು ಆ ದಿನ ಬಂದಿರಲಿಲ್ಲ. ಬಿಸಿಲಿಗೆ ಬೀದಿ ಬಾಯಿ ತೆರೆದು ಮಲಗಿತ್ತು. "ಅಕ್ಕಾ, ಇಳೀಬೇಡ. ನಾನು ಬರೋವರೆಗೆ ಇಳೀಬೇಡ" ಎಂದವಳೇ ಮೆಟ್ಟಿಲ ಕಡೆ ಓಡಿದಳು. ಓಡುವಾಗಲೂ ಕೈ ತನ್ನಷ್ಟಕ್ಕೆ ಗೂಟದ ಮೇಲಿದ್ದ ಚೀಲವನ್ನು ಹೆಗಲಿಗೆ ಏರಿಸಿತ್ತು. ಬಿಲ್ಲೆ ಬೆಳಗ್ಗೆಯಿಂದಲೇ ಎದೆಯ ಮೇಲಿತ್ತು.

ಮೊದಲ ಬಾಗಿಲು ಟೀಚರಮ್ಮನದು. ಟಕ್, ಟಕ್, ಟಕ್. ಎರಡು ಹೆಜ್ಜೆ ಹಿಂದೆ. ಬಾಗಿಲಿನಲ್ಲಿ ಹೊರಗೆ ನೋಡಲು ಕೂರಿಸಿದ್ದ ಸಣ್ಣ ಗಾಜಿನ ಕಣ್ಣು ಕಪ್ಪಾಯಿತು. ಯಾರೋ ನೋಡುತ್ತಿದ್ದಾರೆ. ಕಾಜಕ್ಕನ ಮುಖ ಹೆದರಿಕೆಯಲ್ಲಿ ಸೆಟೆದುಕೊಂಡಿತ್ತು, ಕಲಿತ ನಗು ಅದರ ಮೇಲೆ ಹಾಗೆಯೇ ಅಂಟಿಕೊಂಡಿತ್ತು. ಗಾಜು ಮತ್ತೆ ಬೆಳ್ಳಗಾಯಿತು. ಹೆಜ್ಜೆ ಸದ್ದು ಒಳಗೆ ದೂರವಾಯಿತು.

ಎದುರಿನ ಬಾಗಿಲು. ಟಕ್, ಟಕ್, ಟಕ್. ಒಳಗಿನಿಂದ ಒಬ್ಬ ಅಜ್ಜಿಯ ದನಿ, "ಯಾರದು?"

ಬಾಯಿ ತೆರೆದಳು. ಉಸಿರು ಅನ್ನಬೇಕು, ಆಸ್ಪತ್ರೆ ಅನ್ನಬೇಕು. ಎದೆ ಹೊಡೆದುಕೊಳ್ಳುವ ಸದ್ದಿನಲ್ಲಿ ಮಾತುಗಳೆಲ್ಲ ಓಡಿಹೋಗಿದ್ದವು. ನಿಂತಿದ್ದದ್ದು ಬಾಯಿಪಾಠದ ಒಂದೇ ಸಾಲು.

"ನಮಸ್ಕಾರ, ನಿಮಗೊಂದು ಒಳ್ಳೆಯ ಸುದ್ದಿ ತಂದಿದ್ದೇವೆ."

"ಇವತ್ತು ಬೇಡ ಕಣಮ್ಮ, ನಾಳೆ ಬಾ."

ಅಯ್ಯೋ ನನ್ನ ಬಾಯಿಗೆ ಬೆಂಕಿ ಬೀಳಲಿ ಎಂದುಕೊಂಡು ಕೆಳಗಿನ ಅಂತಸ್ತಿಗೆ ಇಳಿದಳು. ಅಲ್ಲಿ ಒಂದು ಮನೆಯೊಳಗೆ ಗಂಡ ಹೆಂಡತಿ ಜೋರಾಗಿ ಮಾತಾಡುತ್ತಿದ್ದರು. ಅವಳು ತಟ್ಟಿದ ಕೂಡಲೇ ಇಬ್ಬರೂ ದೀಪ ಆರಿಸಿದಂತೆ ಸುಮ್ಮನಾದರು. "ಶ್, ಅವರೇ" ಅನ್ನುವುದೊಂದು ಕೇಳಿಸಿತು.

ಆಗ ಅವಳಿಗೆ ಅರ್ಥವಾಯಿತು. ಈ ತಟ್ಟುವಿಕೆ ಇಡೀ ಕಟ್ಟಡಕ್ಕೆ ಗೊತ್ತು. ತಿಂಗಳುಗಟ್ಟಲೆ ಮೆತ್ತಗೆ ತಟ್ಟಿ ತಟ್ಟಿ, ಈ ಸದ್ದಿಗೆ ತೆರೆಯಬಾರದು ಅನ್ನುವುದನ್ನು ಅವಳೇ ಅವರಿಗೆಲ್ಲ ಕಲಿಸಿಟ್ಟಿದ್ದಳು.

ಕೆಳಗೆ ಉಳಿದದ್ದು ಒಂದೇ ಬಾಗಿಲು. ಅದರ ಮುಂದೆ ಬಂದಾಗ ಅಭ್ಯಾಸದಂತೆ ಚಪ್ಪಲಿ ಬಿಚ್ಚಲು ಬಗ್ಗಿದಳು. ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ. ಎತ್ತಿದ ಕೈ ಗಾಳಿಯಲ್ಲಿ ನಿಂತಿತು. ಕ್ರಮ ಮುರಿಯಬೇಕು. ಕಂಡಕ್ಟರಮ್ಮ ಕೊಟ್ಟ ಮಾತು ಮುರಿಯಬೇಕು. ಒಳಗೆ ಆ ಮನುಷ್ಯ, ಆ ದನಿ. ಅವನು ಹೊಡೆದೇಬಿಟ್ಟರೆ? ಅವನೂ ತೆರೆಯದಿದ್ದರೆ? ಅವಳು ಮೇಲಕ್ಕೆ ಕಿವಿ ಕೊಟ್ಟಳು. ಮೆಟ್ಟಿಲ ಮೇಲಿನಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಆ ಮೌನ ಅವನಿಗಿಂತ ದೊಡ್ಡದಾಗಿ ಅವಳ ಬೆನ್ನ ಹಿಂದೆ ನಿಂತಿತ್ತು.

ಎರಡೂ ಅಂಗೈಯಿಂದ ಬಾಗಿಲು ಬಡಿದಳು. ಮೂರು ಸಲ ಅಲ್ಲ. ಲೆಕ್ಕವಿಲ್ಲದೆ, ಹಿಂದೆ ಸರಿಯದೆ, ಹಣೆಯನ್ನೂ ಬಾಗಿಲಿಗೆ ಒತ್ತಿ.

ಬಾಗಿಲು ತಕ್ಷಣ ತೆರೆಯಿತು. ಅವಳು ಮುಗ್ಗರಿಸಿ ಒಳಗೇ ಬಿದ್ದಳು.

"ಯಾರಿಗೆ ಏನಾಯ್ತು?"

ಬೈಗುಳ ಅಲ್ಲ. ಕಾಜಕ್ಕ ಅಂಗಿಯ ಗುಂಡಿ ನೋಡಲಿಲ್ಲ, ಮುಖ ನೋಡಿದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿದ್ದ, ನಿದ್ದೆಗಣ್ಣಿನ, ಗಾಬರಿಯಾದ ಒಂದು ಮುಖ. ಅದೂ ಹೆದರಿತ್ತು.

"ಅಕ್ಕ... ಮೇಲೆ... ಉಸಿರು..."

ಅವನು ಆಗಲೇ ಮೆಟ್ಟಿಲು ಏರುತ್ತಿದ್ದ. ಏರುತ್ತಲೇ ಎಲ್ಲ ಬಾಗಿಲುಗಳನ್ನೂ ಮುಷ್ಟಿಯಲ್ಲಿ ಗುದ್ದಿದ. "ಬನ್ರೀ ಆಚೆ! ಮೇಲಿನ ಅಮ್ಮಂಗೆ ಹುಷಾರಿಲ್ಲ, ಕುರ್ಚಿ ತನ್ನಿ!" ಬಾಗಿಲುಗಳು ತೆರೆದವು. ಟೀಚರಮ್ಮನ ಗಂಡ ಪ್ಲಾಸ್ಟಿಕ್ ಕುರ್ಚಿಯೊಂದಿಗೆ ಓಡಿ ಬಂದ. ನಾಳೆ ಬಾ ಅಂದಿದ್ದ ಅಜ್ಜಿ, "ಇದನ್ನ ಹೇಳಬಾರದಾಗಿತ್ತೇನೇ ತಾಯಿ, ಒಳ್ಳೇ ಸುದ್ದಿ ಅಂದ್ಯಲ್ಲೇ!" ಎಂದು ಅಳುಮುಖ ಮಾಡಿಕೊಂಡು ತನ್ನ ಶಾಲನ್ನೇ ತಂದು ಹೊದಿಸಿದಳು.

ಗಂಡಸರು ಕುರ್ಚಿಯಲ್ಲಿ ಕಂಡಕ್ಟರಮ್ಮನನ್ನು ಕೂರಿಸಿ ಇಳಿಸಿದರು. ಅವಳ ತಲೆ ಪಕ್ಕಕ್ಕೆ ವಾಲದಂತೆ ಕಾಜಕ್ಕ ಹಿಡಿದಿದ್ದಳು. ಟೆಂಪೋ ಅಗೆದ ಗುಂಡಿಯ ಆಚೆ ನಿಂತಿತ್ತು. ನಡುವೆ ಆ ಹಲಗೆಗಳು. ಒಂದೇ ಇದ್ದಿದ್ದರೆ ಕುರ್ಚಿ ದಾಟುತ್ತಿರಲಿಲ್ಲ. ಪಕ್ಕದಲ್ಲಿ ಆ ಹೆಂಗಸು ಎಳೆದು ಹಾಕಿದ್ದ ಎರಡನೆಯದು ಇತ್ತು. ಕೆಳಗೆ ಕೆಸರು ಮಿನುಗುತ್ತಿತ್ತು. ಹಲಗೆ ಬಾಗಿದಾಗಲೆಲ್ಲ ಕಾಜಕ್ಕ ಕಣ್ಣು ಮುಚ್ಚುತ್ತಿದ್ದಳು, ಕೈ ಮಾತ್ರ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಕಂಡಕ್ಟರಮ್ಮನನ್ನು ಒಂದು ಪರದೆಯ ಹಿಂದೆ ಒಯ್ದರು. ಹೊರಗೆ ಕಬ್ಬಿಣದ ಬೆಂಚು. ಕಾಜಕ್ಕ ಒಂದು ತುದಿಗೆ, ಟೆಂಪೋದವನು ಇನ್ನೊಂದು ತುದಿಗೆ ಕೂತರು. ಪರದೆ ಅಲುಗಿದಾಗಲೆಲ್ಲ ಅವಳು ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು. ಕೈಗೆ ಏನಾದರೂ ಕೆಲಸ ಇಲ್ಲದಿದ್ದರೆ ಕಿರುಚಿಬಿಡುತ್ತೇನೆ ಅನ್ನಿಸಿತು. ಚೀಲದ ಒಳಮಡಿಕೆಯಲ್ಲಿ ಯಾವಾಗಲೂ ಸೂಜಿ ದಾರ ಇರುತ್ತಿತ್ತು.

"ಅಣ್ಣಾ, ಆ ಗುಂಡಿ..."

"ಯಾವ ಗುಂಡಿ? ಓ, ಇದಾ?" ಅವನು ಎದೆ ಮುಟ್ಟಿ ನೋಡಿಕೊಂಡ. "ನನಗಿಂತ ದೊಡ್ಡೋರು ನೀವು, ಅಣ್ಣ ಅಂತೀರಲ್ಲ."

"ಹೆದರಿಕೆಗೆ ಅಂದೆ ಅಣ್ಣಾ."

ಅವನು ನಕ್ಕುಬಿಟ್ಟ, ಆಸ್ಪತ್ರೆ ಅನ್ನುವುದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದ. ಅವಳು ಪಕ್ಕಕ್ಕೆ ಸರಿದು, ಎರಡು ಸಲ ತಪ್ಪಿ ಸೂಜಿಗೆ ದಾರ ಪೋಣಿಸಿದಳು. ಬಟ್ಟೆ ಮುಟ್ಟಿದ ಕೂಡಲೇ ಬೆರಳುಗಳು ತಮ್ಮ ಕೆಲಸ ಹಿಡಿದವು.

"ಬಯ್ತೀರಾ ಅಂದ್ಕೊಂಡಿದ್ದೆ" ಎಂದಳು ಗುಂಡಿಗೆ.

"ಯಾಕೆ ಬಯ್ಲಿ?"

"ತಟ್ಟಲ್ಲ ಅಂತ ಮಾತು ಕೊಟ್ಟಿದ್ವಲ್ಲ."

"ಅದಕ್ಕೇ ಎದ್ದೆ ನಾನು" ಎಂದ. "ನೀವಿಬ್ರೂ ಚಪ್ಪಲಿ ಕೈಲಿ ಹಿಡ್ಕೊಂಡು, ಕಳ್ಳ ಬೆಕ್ಕುಗಳ ಹಾಗೆ ನನ್ನ ಬಾಗಿಲು ದಾಟೋದನ್ನ ಕಿಟಕೀಲಿ ದಿನಾ ನೋಡ್ತಿದ್ದೆ. ಆ ದೊಡ್ಡಮ್ಮ ಒಂದಿನ ಕೆಮ್ಮು ಬಂದ್ರೂ ಸೆರಗು ಬಾಯಿಗೆ ತುರುಕ್ಕೊಂಡು ಹೋದ್ರು. ಇವತ್ತು ಕಿಟಕೀಲಿ ನೋಡಿದ್ರೆ ನೀವೇ. ಇಷ್ಟು ಮಾಡೋರು ಬಾಗಿಲು ಬಡೀತಿದ್ದಾರೆ ಅಂದ್ರೆ ಸುಮ್ನೆ ಅಲ್ಲ, ಯಾರದೋ ಪ್ರಾಣಕ್ಕೆ ಬಂದಿದೆ ಅಂತ ಗೊತ್ತಾಯ್ತು. ಬೇರೆ ಯಾರಾದ್ರೂ ಬಡಿದಿದ್ರೆ ದಿಂಬು ಕಿವಿ ಮೇಲೆ ಇಟ್ಕೊಳ್ತಿದ್ದೆ."

ಕಾಜಕ್ಕ ದಾರ ಕಚ್ಚಿ ಕತ್ತರಿಸಿದಳು.

ಡಾಕ್ಟರು ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ. ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಿದೆ, ಔಷಧಿಗೆ ಮೈ ಒಗ್ಗುತ್ತಿದೆ, ಆದರೂ ಇನ್ನೂ ಕಾದು ನೋಡಬೇಕು ಎಂದರು. "ಸಂಜೆವರೆಗೆ ಮನೇಲಿಟ್ಕೊಂಡಿದ್ರೆ ನಾನೇನೂ ಮಾಡೋಕಾಗ್ತಿರಲಿಲ್ಲ."

ಕಾದು ನೋಡುವುದು ಅಂದರೇನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಮೂಗಿನ ಮೇಲಿನ ಆಕ್ಸಿಜನ್ನಿನ ಪ್ಲಾಸ್ಟಿಕ್ ಬಟ್ಟಲು ಮಂಜಾಗುವುದನ್ನೂ ತಿಳಿಯಾಗುವುದನ್ನೂ ನೋಡುತ್ತಿದ್ದಳು. ಮಂಜಾದರೆ ಉಸಿರಿದೆ. ತಿಳಿಯಾದಾಗ, ಮತ್ತೆ ಮಂಜಾಗುವವರೆಗೆ, ಅವಳ ಉಸಿರೂ ನಿಂತಿರುತ್ತಿತ್ತು. ತುಂಬ ಹೊತ್ತಾದ ಮೇಲೆ ಕಂಡಕ್ಟರಮ್ಮನ ಕಣ್ಣು ತಿರುಗಿ, ಅಲೆದಾಡಿ, ಇವಳ ಮೇಲೆ ನಿಂತಿತು. ಬಟ್ಟಲೊಳಗೆ ತುಟಿ ಅಲುಗಿತು. ಕಾಜಕ್ಕ ಕಿವಿ ಹತ್ತಿರ ತಂದಳು.

"...ಟಿಕೆಟ್..."

ಒಂದು ಒಳ್ಳೆಯದು ಹೇಳು ಅಂದರೆ ಯಾವುದನ್ನು ಹೇಳುವುದು? ಎರಡನೇ ಹಲಗೆಯನ್ನೋ, ಅಜ್ಜಿಯ ಶಾಲನ್ನೋ, ದಿಂಬಿನ ಗೆರೆ ಬಿದ್ದ ಕೆನ್ನೆಯನ್ನೋ? ಕಾಜಕ್ಕ ಬಾಯಿ ತೆರೆದವಳು ಅತ್ತುಬಿಟ್ಟಳು.

"ಪಾಸ್" ಎಂದಿತು ಮಂಜಾದ ಬಟ್ಟಲು.

ಕಂಡಕ್ಟರಮ್ಮ ಉಳಿದಳು. ಗಂಟಲು ಮೊದಲಿನಷ್ಟು ದೊಡ್ಡದಾಗಲು ಸಮಯ ಹಿಡಿಯಿತು, ಆಮೇಲೆ ಮೊದಲಿಗಿಂತ ದೊಡ್ಡದಾಯಿತು ಅನ್ನುವವರೂ ಇದ್ದಾರೆ. ಮನೆಗೆ ಬಂದ ದಿನ ಟೆಂಪೋದವನು ಅವಳನ್ನು ಇಳಿಸಿ, ಬಾಗಿಲಲ್ಲಿ ನಿಂತು ಬೆರಳು ಎತ್ತಿದ. "ನೋಡಿ, ಜ್ವರ ಬಂದ್ರೆ ಬಡೀರಿ, ಬೆಂಕಿ ಬಿದ್ರೆ ಬಡೀರಿ. ಪುಸ್ತಕ ಹಿಡ್ಕೊಂಡು ಮಾತ್ರ ಬರಬೇಡಿ. ನಂಗೆ ನಿದ್ದೆ ಬೇಕು."

"ಹಳೇ ಮಾತೇ ಪಕ್ಕಾ ಕಣಪ್ಪ" ಎಂದಳು ಕಂಡಕ್ಟರಮ್ಮ.

ಕಾಜಕ್ಕನ ಹೆದರಿಕೆ ಹೋಯಿತೇ ಅಂತ ಕೇಳುತ್ತೀರಿ. ಎಲ್ಲಿಗೆ ಹೋಗುತ್ತದೆ? ಈಗಲೂ ಬಾಗಿಲು ತೆರೆದರೆ ಅವಳ ಕಣ್ಣು ಮೊದಲು ಗುಂಡಿಗಳ ಸಾಲಿಗೇ ಹೋಗುತ್ತದೆ. ಕಂಡಕ್ಟರಮ್ಮ ಒಂದು ಸಲ ಕೆಮ್ಮಿದರೂ ಎದ್ದು ಕೂತು, ಆ ಉಸಿರಿಗೆ ಕಿವಿ ಕೊಟ್ಟು, ಹಳೆಯ ಸದ್ದು ಇಲ್ಲ ಅಂತ ಖಾತ್ರಿಯಾದ ಮೇಲೇ ಮಲಗುತ್ತಾಳೆ. ಆದರೆ ಮಧ್ಯಾಹ್ನ ಹೊರಗೆ ಹೋಗುವಾಗ ಇಬ್ಬರೂ ಕೊನೆಯ ಮೆಟ್ಟಿಲಲ್ಲಿ ಚಪ್ಪಲಿ ಬಿಚ್ಚುತ್ತಾರೆ. ಆ ಬಾಗಿಲ ಮುಂದೆ ಕಾಜಕ್ಕ ಒಂದು ಗಳಿಗೆ ನಿಲ್ಲುತ್ತಾಳೆ. ಕಂಡಕ್ಟರಮ್ಮ ಹಿಂದಿನಿಂದ ತಿವಿದರೂ ಕದಲುವುದಿಲ್ಲ. ಒಳಗಿನಿಂದ ಗೊರಕೆ ಕೇಳಿಸುವವರೆಗೆ ಕಾಯುತ್ತಾಳೆ. ಕೇಳಿಸಿದ ಮೇಲೆ, ಚಪ್ಪಲಿ ಎದೆಗವುಚಿಕೊಂಡು, ಸಂಜೆಗೆ ತೋರಿಸಲು ಒಂದು ಟಿಕೆಟ್ ಸಿಕ್ಕಿತು ಅಂದುಕೊಂಡು ಬೆರಳ ತುದಿಯ ಮೇಲೆ ದಾಟಿ ಹೋಗುತ್ತಾಳೆ.